ಡ್ರೈಯರ್ ತಿರುಗುತ್ತೆ, ಬಿಸಿ ಬರಲ್ಲ: ಹೀಟರ್ ಬದಲಿಸುವ ಮೊದಲು ಇಷ್ಟು ನೋಡಿ

ಬಟನ್ ಒತ್ತಿದರೆ ಡ್ರಮ್ ತಿರುಗುತ್ತೆ. ಲೈಟು ಉರಿಯುತ್ತೆ, ನಿಮಿಷಗಳು ಒಂದೊಂದಾಗಿ ಇಳಿಯುತ್ತವೆ, ಕೊನೆಗೆ ಪೀಂ ಪೀಂ ಅಂತ ಮುಗಿದ ಸದ್ದೂ ಬರುತ್ತೆ. ಬಾಗಿಲು ತೆಗೆದು ಕೈ ಹಾಕಿದರೆ ಮಾತ್ರ ಬಟ್ಟೆ ತಣ್ಣಗೆ, ಒದ್ದೆ, ಒಂದಕ್ಕೊಂದು ಸುತ್ತಿಕೊಂಡು ಹಗ್ಗದಂತೆ ಬಿದ್ದಿರುತ್ತೆ. ಹೊರಗೆ ನೋಡಿದರೆ ನಾಲ್ಕನೇ ದಿನದ ಜಿಟಿಜಿಟಿ ಮಳೆ. ನಾಳೆ ಆಫೀಸಿಗೆ ಶರ್ಟು ಬೇಕು, ಮಗುವಿನ ಲಂಗೋಟಿ ಒಂದೂ ಒಣಗಿಲ್ಲ.

ಇಂಥ ಹೊತ್ತಲ್ಲಿ ಮನೆಯಲ್ಲಿ ಮೊದಲು ಬರುವ ಮಾತು ‘ಹೀಟರ್ ಸುಟ್ಟುಹೋಗಿದೆ’. ಮೆಕ್ಯಾನಿಕ್ ಬಂದರೆ ಅವರ ಬಾಯಲ್ಲಿ ಎರಡನೇ ಮಾತು, ‘ಪಿಸಿಬಿ ಹೋಗಿದೆ, ಬೋರ್ಡೇ ಚೇಂಜ್ ಮಾಡಬೇಕು’. ಎರಡೂ ನಿಜ ಇರಬಹುದು. ಆದರೆ ಬಹಳಷ್ಟು ಸಲ ಹೀಟರ್ ಗಟ್ಟಿಯಾಗಿಯೇ ಇರುತ್ತೆ. ಒಳಗೆ ಗಾಳಿ ಓಡಾಡುತ್ತಿಲ್ಲ ಅಂತ ಗೊತ್ತಾಗಿ ಯಂತ್ರ ತಾನೇ ಬಿಸಿಯನ್ನು ನಿಲ್ಲಿಸಿರುತ್ತೆ. ಈ ವ್ಯತ್ಯಾಸ ಗೊತ್ತಿದ್ದರೆ ದುಡ್ಡು ಉಳಿಯುತ್ತೆ. ಗೊತ್ತಿಲ್ಲದಿದ್ದರೆ ಏನಾಗಬಹುದು ಅನ್ನುವುದು ದುಡ್ಡಿಗಿಂತ ದೊಡ್ಡ ವಿಷಯ, ಅದಕ್ಕೆ ಆಮೇಲೆ ಬರೋಣ.

ನಿಮ್ಮದು ಯಾವ ಡ್ರೈಯರ್?

ನಮ್ಮಲ್ಲಿ ‘ಡ್ರೈಯರ್’ ಅನ್ನುವ ಒಂದೇ ಪದಕ್ಕೆ ಹಲವು ಅರ್ಥ. ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನ ಎರಡನೇ ತೊಟ್ಟಿಯನ್ನು ಅಮ್ಮಂದಿರು ಮೊದಲಿನಿಂದಲೂ ಡ್ರೈಯರ್ ಅಂತಲೇ ಕರೆಯುತ್ತಾರೆ. ಅದರಲ್ಲಿ ಹೀಟರ್ ಇಲ್ಲವೇ ಇಲ್ಲ. ಜೋರಾಗಿ ಗಿರಗಿರ ತಿರುಗಿ ನೀರನ್ನು ಹೊರಗೆ ಎಸೆಯುವುದಷ್ಟೇ ಅದರ ಕೆಲಸ. ಟಾಪ್ ಲೋಡ್ ಮೆಷಿನ್ನುಗಳಲ್ಲಿ ‘ಏರ್ ಡ್ರೈ’ ಅಂತ ಬರೆದಿರುತ್ತಲ್ಲ, ಅದೂ ಅಷ್ಟೇ: ತಿರುಗುವಾಗ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತೆ, ಬಿಸಿ ಮಾಡಲ್ಲ. ಇನ್ನು ಫ್ರಂಟ್ ಲೋಡ್ ಕೊಂಡವರಿಗೆ ಅಂಗಡಿಯಲ್ಲಿ ‘ಹೀಟರ್ ಇದೆ ಸಾರ್’ ಅಂತ ಹೇಳಿರುತ್ತಾರೆ. ಅದು ತೊಳೆಯುವ ನೀರನ್ನು ಕಾಯಿಸುವ ಹೀಟರ್, ಬಟ್ಟೆ ಒಣಗಿಸುವುದಲ್ಲ. ಈ ಮೂರರಲ್ಲಿ ಯಾವುದಾದರೂ ನಿಮ್ಮ ಮನೆಯಲ್ಲಿದ್ದು ‘ಬಿಸಿ ಬರ್ತಿಲ್ಲ’ ಅಂತ ಕಂಪ್ಲೇಂಟ್ ಕೊಡಲು ಹೊರಟಿದ್ದರೆ, ಫೋನ್ ಕೆಳಗಿಡಿ. ಯಂತ್ರ ಸರಿಯಾಗಿಯೇ ಇದೆ.

ನಿಜವಾಗಿ ಬಿಸಿ ಗಾಳಿಯಿಂದ ಒಣಗಿಸುವ ಯಂತ್ರಗಳಲ್ಲಿ ನಾಲ್ಕು ಬಗೆ. ಒದ್ದೆ ಗಾಳಿಯನ್ನು ದಪ್ಪ ಪೈಪಿನಲ್ಲಿ ಹೊರಗೆ ಬಿಡುವ ವೆಂಟೆಡ್ ಡ್ರೈಯರ್. ಆ ಗಾಳಿಯನ್ನು ಒಳಗೇ ತಣಿಸಿ ನೀರನ್ನು ಡಬ್ಬದಲ್ಲಿ ತುಂಬಿಸಿಕೊಳ್ಳುವ ಕಂಡೆನ್ಸರ್. ಇದೇ ಕೆಲಸವನ್ನು ಫ್ರಿಜ್ಜಿನಂಥ ಕಂಪ್ರೆಸರ್ ಇಟ್ಟುಕೊಂಡು ಮಾಡುವ ಹೀಟ್ ಪಂಪ್. ಮತ್ತೆ, ಜಾಗ ಕಡಿಮೆ ಇರುವ ಫ್ಲ್ಯಾಟುಗಳಲ್ಲಿ ಹೆಚ್ಚಾಗಿ ಕಾಣುವ, ತೊಳೆಯುವುದು ಒಣಗಿಸುವುದು ಎರಡನ್ನೂ ಒಂದೇ ಡ್ರಮ್ಮಿನಲ್ಲಿ ಮಾಡುವ ವಾಷರ್ ಡ್ರೈಯರ್.

ಹೀಟ್ ಪಂಪ್ ಇರುವವರಿಗೆ ಒಂದು ಮಾತು. ಅದು ಕರೆಂಟು ಅರ್ಧ ಅಥವಾ ಅದಕ್ಕೂ ಕಡಿಮೆ ಎಳೆಯುತ್ತೆ, ಆದರೆ ಒಳಗಿನ ಗಾಳಿ ಸುಮಾರು 50 ಡಿಗ್ರಿ ಆಸುಪಾಸಿನಲ್ಲೇ ಇರುತ್ತೆ, ಸಮಯವೂ ಜಾಸ್ತಿ ಬೇಕು. ಮೊದಲು ಹೀಟರ್ ಡ್ರೈಯರ್ ಬಳಸಿ ಅಭ್ಯಾಸ ಇದ್ದವರಿಗೆ ಬಟ್ಟೆ ಬೆಚ್ಚಗಷ್ಟೇ ಅನಿಸಿ, ಕೆಟ್ಟಿದೆ ಅಂತ ಅನುಮಾನ ಬರುತ್ತೆ. ಬಟ್ಟೆ ಒಣಗಿದ್ದರೆ ಆ ಅನುಮಾನ ಬೇಡ. ಯಾವುದೇ ಡ್ರೈಯರ್ ಕೊನೆಯ ಕೆಲವು ನಿಮಿಷ ಹೀಟರ್ ಆರಿಸಿ ಬರೀ ಗಾಳಿ ಬಿಡುತ್ತೆ ಅನ್ನುವುದೂ ನೆನಪಿರಲಿ. ಆಗ ಬಾಗಿಲು ತೆಗೆದು ಮುಟ್ಟಿ ನೋಡಿದರೆ ಎಲ್ಲರ ಡ್ರೈಯರೂ ಕೆಟ್ಟಂತೆಯೇ ಕಾಣುತ್ತೆ.

ಬಿಸಿ ಯಾಕೆ ಬೇಕೇ ಬೇಕು

ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್‌ನಲ್ಲಿ ಡ್ರೈಯರ್ ತಣ್ಣಗೆ ತಿರುಗಿದರೂ ಬಟ್ಟೆ ಒಣಗೀತು. ಗಾಳಿಯೇ ಅಷ್ಟು ಒಣ. ಮಳೆಗಾಲದ ಮಂಗಳೂರಲ್ಲಿ, ಆಗುಂಬೆಯಲ್ಲಿ ಅದು ಸಾಧ್ಯವಿಲ್ಲ. ಇದಕ್ಕೆ ಸರಳ ಲೆಕ್ಕ ಇದೆ. 25 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಜುಲೈ ತಿಂಗಳ ಕರಾವಳಿಯಲ್ಲಿ ಅದು ಆಗಲೇ ಹೆಚ್ಚುಕಡಿಮೆ ತುಂಬಿರುತ್ತೆ. ಅದೇ 60 ಡಿಗ್ರಿಯಲ್ಲಿ ಒಂದು ಘನ ಮೀಟರಿನಲ್ಲಿ ಸುಮಾರು 130 ಗ್ರಾಂ ಹಿಡಿಸುತ್ತೆ. ಡ್ರೈಯರ್ ಮಾಡುವುದು ಇಷ್ಟೇ: ತುಂಬಿದ ಗಾಳಿಯನ್ನು ಬಿಸಿ ಮಾಡಿ ಅದಕ್ಕೆ ಮತ್ತೆ ಬಾಯಾರಿಕೆ ಹುಟ್ಟಿಸಿ, ಬಟ್ಟೆಯ ನಡುವೆ ಓಡಿಸಿ, ಹೊರಗೆ ತಳ್ಳುತ್ತೆ. ಮಲೆನಾಡಿನ ಬಚ್ಚಲ ಒಲೆಯ ಮೇಲೆ ಅಡ್ಡ ಹಗ್ಗ ಕಟ್ಟಿ ಬಟ್ಟೆ ಹಾಕುತ್ತಿದ್ದವರು ಮಾಡುತ್ತಿದ್ದದ್ದೂ ಇದನ್ನೇ.

ಇನ್ನೊಂದು ಲೆಕ್ಕ. ಏಳು ಕಿಲೋ ಹತ್ತಿ ಬಟ್ಟೆಯನ್ನು ಮೆಷಿನ್ನು 1400 ಸುತ್ತಿನ ವೇಗದಲ್ಲಿ ಹಿಂಡಿದರೂ ಅದರೊಳಗೆ ಸುಮಾರು ಮೂರೂವರೆ ಲೀಟರ್ ನೀರು ಉಳಿದಿರುತ್ತೆ. ಅಷ್ಟನ್ನೂ ಆವಿ ಮಾಡಲು, ಒಂದಿಷ್ಟೂ ನಷ್ಟವಾಗದಿದ್ದರೂ, ಎರಡಕ್ಕಿಂತ ಹೆಚ್ಚು ಯೂನಿಟ್ ಕರೆಂಟು ಬೇಕು. ವೇಗ ಕಡಿಮೆ ಇಟ್ಟು ಹಿಂಡಿದರೆ ಅಥವಾ ಹಿಂಡುವುದೇ ಸರಿಯಾಗಿ ಆಗದಿದ್ದರೆ ಇನ್ನೂ ಒಂದು ಲೀಟರ್ ನೀರು ಹೆಚ್ಚಿಗೆ ಸೇರಿಕೊಳ್ಳುತ್ತೆ. ಆಗ ಒಳ್ಳೆಯ ಹೀಟರೂ ಸೋಲುತ್ತೆ. ಅದಕ್ಕೇ ಡ್ರೈಯರ್ ಮೇಲೆ ಅನುಮಾನ ಪಡುವ ಮೊದಲು ಬಟ್ಟೆಯನ್ನು ಹಿಂಡಿ ನೋಡಿ. ಕೈಯಲ್ಲಿ ನೀರು ತೊಟ್ಟಿಕ್ಕಿದರೆ ತಪ್ಪು ವಾಷಿಂಗ್ ಮೆಷಿನ್ನಿನದು.

(ಗೃಹಜ್ಯೋತಿಯ 200 ಯೂನಿಟ್ಟಿನ ಗಡಿಯೊಳಗೆ ಇರುವವರು ಈ ಲೆಕ್ಕವನ್ನು ಸ್ವಲ್ಪ ಗಮನಿಸಿ. ದಿನಾ ಒಂದು ಲೋಡ್ ಒಣಗಿಸಿದರೆ ಅದಕ್ಕೇ ತಿಂಗಳಿಗೆ ನೂರು ಯೂನಿಟ್ ಹತ್ತಿರ ಹೋಗಬಹುದು. ಗಡಿ ದಾಟಿದ ತಿಂಗಳು ಪೂರ್ತಿ ಬಿಲ್ಲು ನಿಮ್ಮದೇ.)

ಸ್ಕ್ರೂಡ್ರೈವರ್ ಮುಟ್ಟುವ ಮೊದಲು

ಪ್ರೋಗ್ರಾಂ ನೋಡಿ. ‘ಏರ್’, ‘ಕೋಲ್ಡ್’, ‘ರಿಫ್ರೆಶ್’ ಅಂತ ಇದ್ದರೆ ಆ ಸೆಟ್ಟಿಂಗ್‌ನಲ್ಲಿ ಬಿಸಿ ಇರುವುದಿಲ್ಲ ಅಥವಾ ತೀರಾ ಕಡಿಮೆ. ಮನೆಗೆಲಸಕ್ಕೆ ಬರುವವರು ಒರೆಸುವಾಗ ಗುಬುಟು ಒಂದು ಸ್ಥಾನ ಆಚೀಚೆ ಆಗಿರಬಹುದು. ಮಕ್ಕಳಿರುವ ಮನೆಯಾದರೆ ಕೇಳುವುದೇ ಬೇಡ.

ಲೋಡ್ ನೋಡಿ. ವಾಷರ್ ಡ್ರೈಯರ್‌ನಲ್ಲಿ ಎಲ್ಲರೂ ಎಡವುವುದು ಇಲ್ಲೇ. ಮೇಲೆ ದೊಡ್ಡದಾಗಿ 8 ಕಿಲೋ ಅಂತ ಬರೆದಿರುವುದು ತೊಳೆಯಲು. ಒಣಗಿಸುವ ಸಾಮರ್ಥ್ಯ ಸಣ್ಣ ಅಕ್ಷರದಲ್ಲಿ ಬೇರೆ ಬರೆದಿರುತ್ತೆ, 5 ಅಂತಲೋ 6 ಅಂತಲೋ. ಎಂಟು ಕಿಲೋ ತೊಳೆದು ಹಾಗೆಯೇ ಒಣಗಲು ಬಿಟ್ಟರೆ ಡ್ರಮ್ಮಿನೊಳಗೆ ಗಾಳಿ ಆಡಲು ಜಾಗವೇ ಇಲ್ಲ. ಮೂರನೇ ಒಂದು ಭಾಗ ತೆಗೆದು ಮತ್ತೆ ಓಡಿಸಿ ನೋಡಿ.

ಇದೇ ವಾಷರ್ ಡ್ರೈಯರ್‌ನಲ್ಲಿ ಇನ್ನೊಂದು ವಿಷಯ ಇದೆ, ಅದು ಬೆಂಗಳೂರಿಗರಿಗೆ ಹೇಳಿ ಮಾಡಿಸಿದಂತಿದೆ. ಇಂಥ ಅನೇಕ ಯಂತ್ರಗಳು ಒಣಗಿಸುವಾಗಲೂ ನಲ್ಲಿಯ ತಣ್ಣೀರು ಬಳಸುತ್ತವೆ. ಬಟ್ಟೆಯಿಂದ ಎದ್ದ ಆವಿಯನ್ನು ಆ ತಣ್ಣೀರೇ ತಣಿಸಿ ನೀರಾಗಿಸಿ ಚರಂಡಿಗೆ ಕಳಿಸುತ್ತೆ. ತೊಳೆದು ಮುಗೀತಲ್ಲ ಅಂತ ನೀವು ನಲ್ಲಿ ತಿರುಗಿಸಿದರೆ, ಅಥವಾ ಟ್ಯಾಂಕರ್ ಬರದೆ ಓವರ್‌ಹೆಡ್ ಟ್ಯಾಂಕ್ ಖಾಲಿಯಾದರೆ, ಆವಿ ಡ್ರಮ್ಮಿನಲ್ಲೇ ಸುತ್ತುತ್ತಾ ಇರುತ್ತೆ. ಗಂಟೆಗಟ್ಟಲೆ ಓಡಿದರೂ ಬಟ್ಟೆ ಇಡ್ಲಿ ಪಾತ್ರೆಯಿಂದ ತೆಗೆದಂತೆ ಒದ್ದೊದ್ದೆ. ಹೀಟರನ್ನು ಬೈದು ಪ್ರಯೋಜನವಿಲ್ಲ.

ಕಂಡೆನ್ಸರ್ ಅಥವಾ ಹೀಟ್ ಪಂಪ್ ಆದರೆ ನೀರಿನ ಡಬ್ಬ ತುಂಬಿದೆಯಾ ನೋಡಿ. ಬುಡದ ಸಣ್ಣ ಬಾಗಿಲು ತೆಗೆದು ಕಂಡೆನ್ಸರಿನ ರೆಕ್ಕೆಗಳ ನಡುವೆ ಬೂದಿ ಬಣ್ಣದ ಪದರ ಕೂತಿದೆಯಾ ನೋಡಿ. ಕೈಗೆ ಬರುವ ಕಂಡೆನ್ಸರನ್ನು ನಲ್ಲಿ ಕೆಳಗೆ ಹಿಡಿದು ತೊಳೆಯಬಹುದು. ಹೀಟ್ ಪಂಪಿನ ರೆಕ್ಕೆಗಳು ಒಳಗೇ ಕೂತಿರುತ್ತವೆ, ತೆಳು, ಬೇಗ ಬಾಗುತ್ತವೆ. ಅಲ್ಲಿ ಮೆತ್ತನೆ ಬ್ರಷ್ಷು ಸಾಕು.

ಎಲ್ಲಕ್ಕಿಂತ ಮುಖ್ಯ, ಜುಂಗು ಹಿಡಿಯುವ ಲಿಂಟ್ ಫಿಲ್ಟರ್. ‘ದಿನಾ ತೆಗೀತೀನಲ್ಲ’ ಅನ್ನುವವರೂ ಒಂದು ಪರೀಕ್ಷೆ ಮಾಡಿ. ಫಿಲ್ಟರನ್ನು ಸಿಂಕಿನಲ್ಲಿ ಹಿಡಿದು ಜಾಲರಿಯ ಮೇಲೆ ಒಂದು ಲೋಟ ನೀರು ಹಾಕಿ. ನೀರು ಸರಕ್ಕನೆ ಇಳಿದರೆ ಸರಿ. ಜಾಲರಿಯ ಮೇಲೇ ಕೆರೆಯಂತೆ ನಿಂತರೆ ಅದರ ಕಣ್ಣುಗಳು ಮುಚ್ಚಿವೆ ಅಂತ ಅರ್ಥ. ಫ್ಯಾಬ್ರಿಕ್ ಕಂಡೀಶನರಿನ ಮೇಣದಂಥ ಅಂಶ ಕಣ್ಣಿಗೆ ಕಾಣದ ಹಾಗೆ ಪೊರೆ ಕಟ್ಟಿರುತ್ತೆ. ನೀರು ಹೋಗದ ಕಡೆ ಗಾಳಿಯೂ ಸರಿಯಾಗಿ ಹೋಗಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಷ್. ಹತ್ತು ನಿಮಿಷದ ಕೆಲಸ. ಪೂರ್ತಿ ಒಣಗಿದ ಮೇಲೆ ವಾಪಸ್ ಹಾಕಿ.

ಇದೇ ಪೊರೆ ಡ್ರಮ್ಮಿನೊಳಗಿನ ತೇವಾಂಶದ ಸೆನ್ಸರ್ ಮೇಲೂ ಕೂರುತ್ತೆ. ಬಾಗಿಲ ಹತ್ತಿರ ಎರಡು ಲೋಹದ ಪಟ್ಟಿ ಕಾಣುತ್ತಲ್ಲ, ಅವೇ. ಒದ್ದೆ ಬಟ್ಟೆ ಅವೆರಡಕ್ಕೂ ತಗುಲಿದಾಗ ಇನ್ನೂ ನೀರಿದೆ ಅಂತ ಯಂತ್ರಕ್ಕೆ ತಿಳಿಯುತ್ತೆ. ಬೋರ್‌ವೆಲ್ ನೀರಿನ ಬಿಳಿ ಕಲೆ, ಕಂಡೀಶನರಿನ ಪೊರೆ ಸೇರಿ ಅವನ್ನು ಮುಚ್ಚಿದರೆ ‘ಒಣಗಿತು’ ಅಂದುಕೊಂಡು ಇಪ್ಪತ್ತೇ ನಿಮಿಷಕ್ಕೆ ನಿಂತುಬಿಡುತ್ತೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸೆನ್ಸರ್ ಬದಲು ಟೈಮರ್ ಇಟ್ಟು ಓಡಿಸಿದಾಗ ಬಟ್ಟೆ ಬಿಸಿಯಾಗಿ ಹೊರಬಂದರೆ ಹೀಟರ್ ಕೇಸು ಅಲ್ಲ ಅಂತ ಖಾತ್ರಿ.

ವೆಂಟೆಡ್ ಡ್ರೈಯರ್ ಇದ್ದವರು ಯಂತ್ರದ ಹಿಂದೆ ಟಾರ್ಚ್ ಹಾಕಿ. ಯುಟಿಲಿಟಿಯ ಇಕ್ಕಟ್ಟಿನಲ್ಲಿ ಯಂತ್ರವನ್ನು ಗೋಡೆಗೆ ಒತ್ತಿ, ಹೋಸ್ ಮಡಚಿ ಹೋಗಿರುವುದು ಸಾಮಾನ್ಯ. ಮಳೆ ಎರಚಲು ಬರುತ್ತೆ ಅಂತ ಯುಟಿಲಿಟಿಯ ಗಾಜು ಪೂರ್ತಿ ಎಳೆದು, ಹೋಸಿನ ಬಾಯಿಯನ್ನೂ ಒಳಗೇ ಬಿಟ್ಟಿದ್ದರೆ ಹೊರಬಂದ ಒದ್ದೆ ಗಾಳಿಯನ್ನೇ ಯಂತ್ರ ಮತ್ತೆ ಕುಡಿಯುತ್ತೆ. ಗೋಡೆಯ ಮೇಲೆ ಬೆವರು, ಮೂಲೆಯಲ್ಲಿ ಕಪ್ಪು ಬೂಸು ಕಂಡರೆ ಇದೇ ಕಾರಣ.

ಕರೆಂಟಿನ ಪಾಡು

ಹೀಟರ್ ಇರುವ ಡ್ರೈಯರ್ ಗೀಸರ್ ಜಾತಿಗೆ ಸೇರಿದ್ದು. 2000 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ ಒಂಬತ್ತು ಆಂಪ್ ಹತ್ತಿರ. 16 ಆಂಪಿನ ದೊಡ್ಡ ಸಾಕೆಟ್ಟೇ ಬೇಕು. ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿದ್ದರೆ ಮೊದಲು ಅದನ್ನು ತೆಗೆಯಿರಿ. ಪ್ಲಗ್ಗಿನ ಪಿನ್ನು ಕಂದುಬಣ್ಣಕ್ಕೆ ತಿರುಗಿದ್ದರೆ, ಮುಟ್ಟಿದರೆ ಸುಡುತ್ತಿದ್ದರೆ, ಡ್ರೈಯರಿಗಿಂತ ಮೊದಲು ಸಾಕೆಟ್ಟಿಗೆ ಎಲೆಕ್ಟ್ರೀಶಿಯನ್ ಬೇಕು.

ಲೋ ವೋಲ್ಟೇಜ್ ಕಾಟ ಇರುವ ಬಡಾವಣೆಗಳಲ್ಲಿ ಇನ್ನೊಂದು ತೊಂದರೆ. ಹೀಟರಿನ ಶಾಖ ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತೆ. 230 ಇರಬೇಕಾದಲ್ಲಿ 190 ಬಂದರೆ ಶಾಖ ಮೂರನೇ ಎರಡು ಭಾಗಕ್ಕೆ ಬರುತ್ತೆ. 2000 ವ್ಯಾಟಿನ ಹೀಟರು 1400ಕ್ಕೂ ಕೆಳಗೆ. ಡ್ರಮ್ ಮಾತ್ರ ಎಂದಿನಂತೆ ತಿರುಗುತ್ತಾ ಇರುವುದರಿಂದ ಯಾರಿಗೂ ಅನುಮಾನ ಬರಲ್ಲ. ಸಂಜೆ ಏಳಕ್ಕೆ ಒಣಗದ ಬಟ್ಟೆ ಮಧ್ಯಾಹ್ನ ಚೆನ್ನಾಗಿ ಒಣಗುತ್ತಿದ್ದರೆ ವೋಲ್ಟೇಜ್ ಮೇಲೆ ಕಣ್ಣಿಡಿ.

ಬಿಸಿ ಶುರುವಾಗುವ ಹೊತ್ತಿಗೇ ಮನೆಯ ಆರ್‌ಸಿಸಿಬಿ ಟಪ್ಪಂತ ಬೀಳುತ್ತಿದ್ದರೆ ಅದು ಬೇರೆ ಸೂಚನೆ. ಹೀಟರಿನ ಕರೆಂಟು ಯಂತ್ರದ ಮೈಗೆ ಸೋರುತ್ತಿರಬಹುದು. ಮತ್ತೆ ಮತ್ತೆ ಎತ್ತಿಹಾಕಿ ಪರೀಕ್ಷೆ ಮಾಡಬೇಡಿ. ಪ್ಲಗ್ ತೆಗೆದು ಸುಮ್ಮನೆ ಬಿಡಿ, ಮೆಕ್ಯಾನಿಕ್ ಬರಲಿ.

‘ಡೈರೆಕ್ಟ್ ಮಾಡ್ಕೊಡ್ತೀನಿ ಸಾರ್’

ಇಷ್ಟೆಲ್ಲ ಸರಿಯಿದ್ದೂ ಬಿಸಿ ಬರುತ್ತಿಲ್ಲ ಅಂದರೆ ಮಾತು ಯಂತ್ರದ ಒಳಗೆ ಹೋಗುತ್ತೆ. ಅಲ್ಲಿ ಹೀಟರಿನ ದಾರಿಯಲ್ಲಿ ಕಾವಲುಗಾರರು ಕೂತಿರುತ್ತಾರೆ. ಥರ್ಮೋಸ್ಟಾಟ್ ಬಿಸಿ ಹೆಚ್ಚಾದಾಗ ಆರಿಸಿ, ಇಳಿದಾಗ ಮತ್ತೆ ಹಚ್ಚುತ್ತೆ, ಇಸ್ತ್ರಿ ಪೆಟ್ಟಿಗೆಯಲ್ಲಿ ಇರುತ್ತಲ್ಲ ಹಾಗೆ. ಅದರ ಮೇಲೆ ಥರ್ಮಲ್ ಫ್ಯೂಸ್ ಅಥವಾ ಥರ್ಮಲ್ ಕಟೌಟ್. ಮಿತಿ ಮೀರಿ ಕಾದರೆ ಇದು ಕಡಿದುಕೊಳ್ಳುತ್ತೆ. ಒಮ್ಮೆ ಕಡಿದುಕೊಂಡ ಫ್ಯೂಸ್ ಮತ್ತೆ ಕೂಡುವುದಿಲ್ಲ, ಬದಲಿಸಲೇಬೇಕು. ಕೆಲವು ಯಂತ್ರಗಳಲ್ಲಿ ಫ್ಯೂಸ್ ಹೋದರೆ ಎಲ್ಲವೂ ನಿಲ್ಲುತ್ತೆ. ಬಹಳಷ್ಟರಲ್ಲಿ ಹೀಟರ್ ಮಾತ್ರ ನಿಂತು ಡ್ರಮ್ ತಿರುಗುತ್ತಾ ಇರುತ್ತೆ.

ಈ ಫ್ಯೂಸ್ ಅಂಗೈ ಮೇಲಿಟ್ಟರೆ ಕಾಣದಷ್ಟು ಸಣ್ಣದು. ಬೆಲೆಯೂ ಡ್ರೈಯರಿನ ಮುಂದೆ ಏನೇನೂ ಅಲ್ಲ. ಆದರೆ ಅಂಗಡಿಯಲ್ಲಿ ತಕ್ಷಣ ಸಿಗಲ್ಲ. ಆಗ ಬರುತ್ತೆ ಈ ಮಾತು: ‘ಪಾರ್ಟು ಬರೋದು ಒಂದು ವಾರ ಆಗುತ್ತೆ ಸಾರ್, ಅಲ್ಲೀವರೆಗೆ ಡೈರೆಕ್ಟ್ ಮಾಡ್ಕೊಡ್ತೀನಿ.’ ಅಂದರೆ ಫ್ಯೂಸ್ ಇದ್ದ ಜಾಗದಲ್ಲಿ ಒಂದು ತುಂಡು ವೈರು. ಯಂತ್ರ ಕೂಡಲೇ ಬಿಸಿ ಕಾರಲು ಶುರು ಮಾಡುತ್ತೆ, ಮನೆಯವರೆಲ್ಲ ಖುಷಿ. ಒಂದು ವಾರ ಆರು ತಿಂಗಳಾಗುತ್ತೆ, ಪಾರ್ಟು ಯಾರಿಗೂ ನೆನಪಿರಲ್ಲ.

ಫ್ಯೂಸ್ ಯಾಕೆ ಹೋಯಿತು ಅಂತ ಕೇಳಿದರೆ ಕಥೆ ಬೇರೆಯಾಗುತ್ತೆ. ಸಾಮಾನ್ಯವಾಗಿ ಅದು ಹೋಗುವುದು ಗಾಳಿ ಕಟ್ಟಿಕೊಂಡಾಗ. ಹೀಟರಿನ ಶಾಖವನ್ನು ಹೊತ್ತೊಯ್ಯಬೇಕಾದ ಗಾಳಿ ಜುಂಗಿನಿಂದಲೋ ಮಡಚಿದ ಹೋಸಿನಿಂದಲೋ ನಿಂತರೆ ಶಾಖ ಅಲ್ಲೇ ಉಳಿದು ಏರುತ್ತಾ ಹೋಗುತ್ತೆ. ಸುತ್ತ ಇರುವುದು ಏನು? ಒಣಗಿದ ಹತ್ತಿಯ ಎಳೆ. ಹಿಂದಿನ ಕಾಲದಲ್ಲಿ ಚಕಮಕಿ ಕಲ್ಲಿನ ಕಿಡಿ ಹಿಡಿಯಲು ಇಡುತ್ತಿದ್ದದ್ದೂ ಇಂಥ ಅರಳೆಯನ್ನೇ. ಡೈರೆಕ್ಟ್ ಮಾಡುವುದು ಅಂದರೆ ಗಾಳಿಯ ಅಡ್ಡಿಯನ್ನು ಹಾಗೇ ಬಿಟ್ಟು, ಎಚ್ಚರಿಸಲು ಇದ್ದ ಒಬ್ಬನೇ ಕಾವಲುಗಾರನನ್ನು ಮನೆಗೆ ಕಳಿಸಿದಂತೆ.

ಇದು ಹೆದರಿಸಲು ಹೇಳುವ ಮಾತಲ್ಲ. ಅಮೆರಿಕದಲ್ಲಿ ಹೆಚ್ಚಿನ ಮನೆಗಳಲ್ಲಿ ಡ್ರೈಯರ್ ಇರುತ್ತೆ. ಅಲ್ಲಿನ ಅಗ್ನಿಶಾಮಕ ಆಡಳಿತ 2008ರಿಂದ 2010ರವರೆಗಿನ ದಾಖಲೆಗಳನ್ನು ನೋಡಿ ಹಾಕಿದ ಅಂದಾಜಿನ ಪ್ರಕಾರ ವರ್ಷಕ್ಕೆ ಸುಮಾರು 2900 ಮನೆಗಳಲ್ಲಿ ಡ್ರೈಯರಿನಿಂದ ಬೆಂಕಿ ಹೊತ್ತಿದೆ. ವರ್ಷಕ್ಕೆ ಐದು ಸಾವು, ನೂರು ಮಂದಿಗೆ ಗಾಯ. ಕಾರಣಗಳ ಪಟ್ಟಿಯಲ್ಲಿ ಮೊದಲನೆಯದು ಯಂತ್ರವನ್ನು ಶುಚಿ ಮಾಡದಿರುವುದು, 34 ಶೇಕಡ. ಲಂಡನ್ನಿನ ಶೆಫರ್ಡ್ಸ್ ಬುಷ್ ಬಡಾವಣೆಯ 18 ಅಂತಸ್ತಿನ ಕಟ್ಟಡಕ್ಕೆ 2016ರ ಆಗಸ್ಟ್‌ನಲ್ಲಿ ಬೆಂಕಿ ಬಿದ್ದಿದ್ದೂ ಡ್ರೈಯರ್ ಒಂದರಿಂದ. ಜುಂಗು ಹೀಟರಿಗೆ ತಾಗುವ ದೋಷ ಅಂಥ ಯಂತ್ರಗಳಲ್ಲಿದೆ ಅಂತ ಅದಕ್ಕೂ ಮೊದಲೇ ಗೊತ್ತಿತ್ತು. ರಿಪೇರಿ ಆಗುವವರೆಗೆ ಯಂತ್ರ ಓಡುವಾಗ ಪಕ್ಕದಲ್ಲಿದ್ದರೆ ಸಾಕು ಅನ್ನುವುದು ತಯಾರಕರ ಆಗಿನ ಸಲಹೆಯಾಗಿತ್ತು. ಬ್ರಿಟನ್ನಿನಲ್ಲಿ ಅಂಥ ಸುಮಾರು ಐದು ಲಕ್ಷ ಡ್ರೈಯರುಗಳನ್ನು ಮನೆಗಳಿಂದ ಹಿಂದಕ್ಕೆ ಕರೆಸುವ ಕೆಲಸ ಶುರುವಾಗಿದ್ದು 2019ರಲ್ಲಿ.

ಹಾಗಾಗಿ ನನ್ನ ಮಟ್ಟಿಗೆ ಇಲ್ಲಿ ರಾಜಿ ಇಲ್ಲ. ಒಂದು ವಾರ ಬಟ್ಟೆ ಫ್ಯಾನಿನ ಕೆಳಗೆ ಒಣಗಲಿ, ಡೈರೆಕ್ಟ್ ಬೇಡ.

ಇದೇ ಮಾತಿನ ಜೊತೆ ಇನ್ನೊಂದು. ಹಬ್ಬದ ದಿನ ಎಣ್ಣೆ ಸ್ನಾನ ಮಾಡಿ ಮೈ ಒರೆಸಿದ ಟವೆಲ್, ಅಡುಗೆಮನೆಯ ಎಣ್ಣೆ ಬಟ್ಟೆ, ಇವನ್ನು ಡ್ರೈಯರಿಗೆ ಹಾಕಬೇಡಿ. ಒಮ್ಮೆ ತೊಳೆದರೆ ಎಣ್ಣೆಯೆಲ್ಲ ಹೋಗಲ್ಲ. ಬಿಸಿಯಾದ ಎಣ್ಣೆ ಗಾಳಿಯ ಜೊತೆ ಸೇರಿ ತಾನೇ ಇನ್ನಷ್ಟು ಕಾಯುತ್ತೆ, ಮಡಿಚಿಟ್ಟ ಮೇಲೂ ಹೊತ್ತಿಕೊಳ್ಳಬಹುದು. ಕೊನೆಯಲ್ಲಿ ತಣ್ಣನೆ ಗಾಳಿ ಬಿಡುವ ಹಂತವನ್ನು ಅರ್ಜೆಂಟಿಗೆ ನಿಲ್ಲಿಸಬಾರದು ಅನ್ನುವುದಕ್ಕೂ ಇದೇ ಕಾರಣ.

ಮೀಟರ್ ಹಿಡಿಯಬಲ್ಲವರಿಗೆ

ವಾರಂಟಿ ಇದ್ದರೆ ಯಂತ್ರ ಬಿಚ್ಚಬೇಡಿ, ವಾರಂಟಿ ಕಳೆದುಕೊಳ್ಳುತ್ತೀರಿ. ಬಾಡಿಗೆ ಮನೆಯ ಯಂತ್ರವಾದರೆ ಓನರಿಗೆ ಮೊದಲು ತಿಳಿಸಿ. ವಾರಂಟಿ ಮುಗಿದಿದೆ, ಮಲ್ಟಿಮೀಟರ್ ಹಿಡಿದು ಅಭ್ಯಾಸ ಇದೆ ಅಂದರೆ ಮಾತ್ರ ಮುಂದೆ ಓದಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಸಾಕೆಟ್ಟಿನಿಂದ ಹೊರಗೆ ಬಂದು ನಿಮ್ಮ ಕಣ್ಣೆದುರು ಬಿದ್ದಿರಬೇಕು. ಸ್ವಲ್ಪ ಹೊತ್ತು ಬಿಟ್ಟು ತಣ್ಣಗಾದ ಮೇಲೆ ಹಿಂದಿನ ತಗಡು ತೆಗೆಯಿರಿ. ಬಿಚ್ಚುವ ಮೊದಲು ವೈರುಗಳ ಫೋಟೊ ತೆಗೆದಿಟ್ಟುಕೊಳ್ಳಿ.

ಹೀಟರಿನ ಎರಡು ತುದಿಯ ವೈರ್ ಕಳಚಿ ರೆಸಿಸ್ಟೆನ್ಸ್ ಅಳೆಯಿರಿ. ಎಷ್ಟು ಬರಬೇಕು ಅಂತ ಕೋಷ್ಟಕ ಹುಡುಕುವುದು ಬೇಡ. ಹೀಟರಿನ ಮೇಲೆ ಬರೆದ ವೋಲ್ಟನ್ನು ಅದರಿಂದಲೇ ಗುಣಿಸಿ, ವ್ಯಾಟಿನಿಂದ ಭಾಗಿಸಿ. 230 ವೋಲ್ಟ್, 2000 ವ್ಯಾಟ್ ಆದರೆ ಸುಮಾರು 26 ಓಮ್. ಅದರ ಹತ್ತಿರ ಬಂದರೆ ಹೀಟರ್ ಚೆನ್ನಾಗಿದೆ. ಮೀಟರ್ ಏನನ್ನೂ ತೋರಿಸದೆ ತೆರೆದ ಸರ್ಕ್ಯೂಟ್ ಅಂದರೆ ಒಳಗಿನ ಸುರುಳಿ ತುಂಡಾಗಿದೆ. ಒಂದು ತುದಿಗೂ ಹೊರಗಿನ ಲೋಹಕ್ಕೂ ಸಂಪರ್ಕ ತೋರಿಸಿದರೆ ಸೋರಿಕೆ. ಆ ಹೀಟರ್ ಕೆಲಸಕ್ಕೆ ಬಾರದು.

ಆಮೇಲೆ ಥರ್ಮಲ್ ಫ್ಯೂಸ್ ಮತ್ತು ಥರ್ಮೋಸ್ಟಾಟ್. ತಣ್ಣಗಿರುವಾಗ ಎರಡೂ ಸೊನ್ನೆಯ ಹತ್ತಿರ ತೋರಿಸಬೇಕು. ಫ್ಯೂಸ್ ತೆರೆದುಕೊಂಡಿದ್ದರೆ ಅದೇ ರೇಟಿಂಗಿನದನ್ನೇ ಹಾಕಿ. ಜಾಸ್ತಿ ಡಿಗ್ರಿಯದು ಹಾಕಿದರೆ ಇನ್ನೂ ಗಟ್ಟಿ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ. ಯಂತ್ರ ಬಿಚ್ಚಿದ್ದೀರಲ್ಲ, ಒಳಗಿನ ಜುಂಗನ್ನೆಲ್ಲ ವ್ಯಾಕ್ಯೂಮ್ ಕ್ಲೀನರಿನಲ್ಲಿ ಎಳೆದುಬಿಡಿ. ಫ್ಯೂಸ್ ಬದಲಿಸಿ ಜುಂಗು ಬಿಟ್ಟರೆ ಹೊಸ ಫ್ಯೂಸೂ ಬೇಗ ಹೋಗುತ್ತೆ. ಹೀಟ್ ಪಂಪ್ ಯಂತ್ರವಾದರೆ ಇದ್ಯಾವುದಕ್ಕೂ ಕೈ ಹಾಕಬೇಡಿ, ಅಲ್ಲಿ ಗ್ಯಾಸ್ ತುಂಬಿದ ಸರ್ಕ್ಯೂಟ್ ಇರುತ್ತೆ.

ಇದೆಲ್ಲ ನಮ್ಮಿಂದಾಗದು ಅನ್ನುವವರಿಗೂ ಈ ವಿವರ ಬೇಕು. ಮೆಕ್ಯಾನಿಕ್ ಬೋರ್ಡು ಹೋಗಿದೆ ಅಂದಾಗ, ‘ಅಣ್ಣಾ, ಹೀಟರ್ ಎಷ್ಟು ಓಮ್ ತೋರಿಸ್ತು? ಫ್ಯೂಸ್ ಚೆಕ್ ಮಾಡಿದ್ರಾ? ಸ್ವಲ್ಪ ಮೀಟರಲ್ಲಿ ತೋರಿಸಿ’ ಅಂತ ಕೇಳಬಹುದು. ಕೆಲಸ ಗೊತ್ತಿರುವವರು ಬೇಸರ ಮಾಡಿಕೊಳ್ಳದೆ ತೋರಿಸುತ್ತಾರೆ. ಮೀಟರ್ ಬ್ಯಾಗಿನಿಂದ ಹೊರಗೇ ಬಂದಿಲ್ಲ, ಎಸ್ಟಿಮೇಟ್ ಮಾತ್ರ ಬಂತು ಅಂದರೆ ಎರಡನೇ ಅಭಿಪ್ರಾಯ ಕೇಳಿ. ಬದಲಿಸಿದ ಹಳೆಯ ಪಾರ್ಟನ್ನು ಕೈಗೆ ಇಸಿದುಕೊಳ್ಳಿ, ಬಿಲ್ಲಿನಲ್ಲಿ ಪಾರ್ಟಿನ ಹೆಸರು ಬರೆಸಿ. ವಾರಂಟಿ ಇದ್ದೂ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಅಮೆರಿಕದಲ್ಲಿರುವ ಓದುಗರಿಗೆ

ನ್ಯೂಜೆರ್ಸಿ, ಟೆಕ್ಸಾಸ್, ಬೇ ಏರಿಯಾ ಕಡೆ ಇರುವವರಿಗೆ ಒಂದು ವಿಷಯ ಬೇರೆ. ಅಲ್ಲಿನ ಎಲೆಕ್ಟ್ರಿಕ್ ಡ್ರೈಯರಿಗೆ ಎರಡು ಲೈವ್ ವೈರುಗಳಲ್ಲಿ 240 ವೋಲ್ಟ್ ಬರುತ್ತೆ. ಡ್ರಮ್ ತಿರುಗಿಸುವ ಮೋಟರಿಗೆ ಅದರಲ್ಲಿ ಒಂದು ಲೈವ್, 120 ವೋಲ್ಟ್, ಸಾಕು. ಹೀಟರಿಗೆ ಎರಡೂ ಬೇಕು. ಒಂದು ಲೈವ್ ಕಡಿತವಾದರೆ ಡ್ರಮ್ ತಿರುಗುತ್ತಾ ಇರುತ್ತೆ, ಬಿಸಿ ಮಾತ್ರ ಮಾಯ. ಅದಕ್ಕೇ ಅಲ್ಲಿ ಮೊದಲು ನೋಡಬೇಕಾದದ್ದು ಪ್ಯಾನೆಲ್ಲಿನ ಜೋಡಿ ಬ್ರೇಕರ್. ಬಿದ್ದಿದ್ದರೂ ಆನ್ ಇದ್ದಂತೆ ಕಾಣುತ್ತೆ. ಪೂರ್ತಿ ಆಫ್ ಕಡೆ ಒತ್ತಿ, ಮತ್ತೆ ಆನ್ ಮಾಡಿ. ಪದೇ ಪದೇ ಬೀಳುತ್ತಿದ್ದರೆ ಎಲೆಕ್ಟ್ರೀಶಿಯನ್ ಕರೆಯಿರಿ.

ಗ್ಯಾಸ್ ಡ್ರೈಯರ್ ಇದ್ದರೆ, ಶುರುವಿನಲ್ಲಿ ಬಿಸಿ ಬಂದು ಆಮೇಲೆ ತಣ್ಣಗಾಗುವುದು ಗ್ಯಾಸ್ ವಾಲ್ವಿನ ಕಾಯಿಲುಗಳು ಸೋತ ಲಕ್ಷಣ. ಇಗ್ನೈಟರ್ ಕೆಂಪಗಾಗಿ ಆರುತ್ತೆ, ಜ್ವಾಲೆ ಹೊತ್ತುವುದಿಲ್ಲ. ಗ್ಯಾಸಿನ ಕೆಲಸ, ಅದಕ್ಕೆ ತಿಳಿದವರೇ ಬೇಕು. ಗ್ಯಾಸ್ ವಾಸನೆ ಬಂದರಂತೂ ಯಾವ ಸ್ವಿಚ್ಚನ್ನೂ ಮುಟ್ಟದೆ ಮನೆಯಿಂದ ಹೊರಗೆ ಬಂದು ಫೋನ್ ಮಾಡಿ.

ಎರಡರಲ್ಲೂ ಗೋಡೆಯೊಳಗಿನ ವೆಂಟ್ ಉದ್ದ. ಯಂತ್ರ ಓಡುವಾಗ ಹೊರಗೆ ಹೋಗಿ ಅದರ ಮುಚ್ಚಳ ತೆರೆದುಕೊಂಡಿದೆಯಾ, ಬೆಚ್ಚನೆ ಗಾಳಿ ಜೋರಾಗಿ ಬರುತ್ತಿದೆಯಾ ನೋಡಿ. ಹಕ್ಕಿ ಗೂಡು ಕಟ್ಟಿರುವುದೂ ಉಂಟು. ಯಂತ್ರದ ಹಿಂದೆ ಪ್ಲಾಸ್ಟಿಕ್ ಅಥವಾ ತೆಳು ಹಾಳೆಯ ಸುಕ್ಕು ಸುಕ್ಕಾದ ಹೋಸ್ ಇದ್ದರೆ ಲೋಹದ್ದಕ್ಕೆ ಬದಲಿಸಿ. ಆ ಸುಕ್ಕುಗಳಲ್ಲೇ ಜುಂಗು ಕೂರುವುದು. ಅಪಾರ್ಟ್‌ಮೆಂಟ್ ಬಾಡಿಗೆಯದಾದರೆ ಮೇಂಟೆನೆನ್ಸಿನವರಿಗೆ ಬರೆದು ಕೇಳಿ, ವೆಂಟ್ ಕ್ಲೀನ್ ಮಾಡಿಸಿ ಅಂತ ಸ್ಪಷ್ಟವಾಗಿ ಬರೆಯಿರಿ. ಡ್ರೈಯರ್ ಕೆಟ್ಟಿದೆ ಅಂತಷ್ಟೇ ಬರೆದರೆ ಬೇರೆ ಡ್ರೈಯರ್ ತಂದು ಅದೇ ಕಟ್ಟಿಕೊಂಡ ವೆಂಟಿಗೆ ಜೋಡಿಸಿ ಹೋಗುತ್ತಾರೆ.

ಪಾರ್ಟು ಬರುವವರೆಗೆ

ತೊಳೆದ ಬಟ್ಟೆಗೆ ಇನ್ನೊಂದು ಸಲ ಬರೀ ಸ್ಪಿನ್ ಕೊಡಿ. ಬಿಸಿಗಾಳಿಯಲ್ಲಿ ಆವಿ ಮಾಡುವುದಕ್ಕೆ ಹೋಲಿಸಿದರೆ ಹಿಂಡಿ ತೆಗೆಯುವುದಕ್ಕೆ ಆಗುವ ಕರೆಂಟು ಲೆಕ್ಕಕ್ಕೇ ಬರಲ್ಲ. ಶರ್ಟುಗಳನ್ನು ಹ್ಯಾಂಗರಿಗೆ ಹಾಕಿ ಒಂದಕ್ಕೊಂದು ತಾಗದಂತೆ ತೂಗುಹಾಕಿ, ಕೆಳಗಿನಿಂದ ಟೇಬಲ್ ಫ್ಯಾನ್ ತಿರುಗಿಸಿ. ಗ್ಯಾಸ್ ಒಲೆಯ ಮೇಲೆ, ರೂಮ್ ಹೀಟರಿನ ಮೇಲೆ ಬಟ್ಟೆ ಹರವುವುದು ಮಾತ್ರ ಬೇಡ.

ರಿಪೇರಿಯಾದ ದಿನ ಮೆಕ್ಯಾನಿಕ್ ಎದುರಿಗೇ ಐದಾರು ಒದ್ದೆ ಟವೆಲ್ ಹಾಕಿ ಓಡಿಸಿ. ಒಣಗಲು ಎಷ್ಟು ನಿಮಿಷ ಹಿಡಿಯಿತು ಅಂತ ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ತಿಂಗಳಿಗೊಮ್ಮೆ ಅದೇ ಟವೆಲ್, ಅದೇ ಪ್ರೋಗ್ರಾಂ. 50 ನಿಮಿಷ ಇದ್ದದ್ದು 70 ಆಗಿದ್ದರೆ ಬಿಸಿ ಪೂರ್ತಿ ನಿಲ್ಲುವವರೆಗೆ ಕಾಯಬೇಡಿ. ಆ ಭಾನುವಾರವೇ ಹೋಸ್ ಬಿಚ್ಚಿ ಒಳಗೆ ಟಾರ್ಚ್ ಹಾಕಿ.